ಗೆಜ್ಜೆಯಿಲ್ಲದ ಕೃಷ್ಣ: ಒಂದು ದೇವರನಾಮ, ಅದರ ಮರುಗಾಯನ ಮತ್ತು ಮನುಷ್ಯಾವತಾರದ ಪ್ರಶ್ನೆ

ಕೆಲವು ವರ್ಷಗಳ ಹಿಂದೆ, ಆಗಮನ ಕಾಲದ ಒಂದು ಭಾನುವಾರ ಸಂಜೆ, ಟಿ. ದಾಸರಹಳ್ಳಿಯಲ್ಲಿ ನೆರೆಹೊರೆಯ ಎಲ್ಲ ಧರ್ಮದವರನ್ನೂ ಕರೆದು ಸ್ನೇಹಕೂಟವೊಂದನ್ನು ನಡೆಸಿದೆವು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು, ತುಮಕೂರು ರಸ್ತೆಯ ಆಚೀಚೆ ಬಾಡಿಗೆ ಮನೆಗಳಲ್ಲಿ ನೆಲೆಸಿದ ಕುಟುಂಬದವರು ಬಂದಿದ್ದರು. ನಮ್ಮ ಯುವಜನರ ಗಾಯನವೃಂದ ಗಿಟಾರಿನೊಡನೆ ‘ಕೃಷ್ಣಾ ನೀ ಬೇಗನೆ ಬಾರೋ’ ಹಾಡಿತು. ಅದು ದಾಸರ ಪದದ ಮೂಲರೂಪವಲ್ಲ. 1996ರಲ್ಲಿ ‘ಕಲೋನಿಯಲ್ ಕಸಿನ್ಸ್’ ಎಂಬ ಜೋಡಿ ಹಾಡಿ ದೇಶದಾದ್ಯಂತ ಜನಪ್ರಿಯಗೊಳಿಸಿದ ರೂಪ. ಆ ಹಾಡನ್ನು ಆರಿಸಿದವನು ನಾನೇ. ಅದರ ಇಂಗ್ಲಿಷ್ ಚರಣದಲ್ಲಿ ಯೇಸುವಿನ ಹೆಸರಿದೆ ಎಂಬುದೇ ನನ್ನ ಆಯ್ಕೆಗೆ ಕಾರಣವಾಗಿತ್ತು. ಹಾಡು ಮುಗಿದ ಮೇಲೆ ನಾನು ಹತ್ತು ನಿಮಿಷ ಮಾತನಾಡಿ, ಎರಡನೆಯ ವ್ಯಾಟಿಕನ್ ಮಹಾಸಭೆ ಬಯಸಿದ ಸಂವಾದ ಇದೇ ಎಂದು ಹೇಳಿದೆ.

ಕಾಫಿಯ ಹೊತ್ತಿನಲ್ಲಿ ಉಡುಪಿಯ ಕಡೆಯ ಹಿರಿಯ ತಾಯಿಯೊಬ್ಬರು ಹತ್ತಿರ ಬಂದರು. ಕೋಪವಿರಲಿಲ್ಲ, ಸಂಕೋಚವಿತ್ತು. “ಯೇಸುಸ್ವಾಮಿ ಬಂದರು, ಸರಿ. ಆದರೆ ನಮ್ಮ ಮಗು ಎಲ್ಲಿ ಹೋಯಿತು ಫಾದರ್? ಕಾಲಿಗೆ ಗೆಜ್ಜೆಯೇ ಇಲ್ಲವಲ್ಲ” ಎಂದರು. ತಮ್ಮ ತಾಯಿ ತಮಗೆ, ತಾವು ತಮ್ಮ ಮಕ್ಕಳಿಗೆ ಆ ಪದವನ್ನು ಹಾಡಿ ಮಲಗಿಸುತ್ತಿದ್ದುದನ್ನು ಹೇಳಿದರು. “ಹೌದಮ್ಮ, ಚರಣಗಳನ್ನು ಬಿಟ್ಟಿದ್ದೇವೆ” ಎಂದಷ್ಟೇ ನಾನು ಉತ್ತರಿಸಿದೆ.

ಈ ಲೇಖನ ಅವರ ಪ್ರಶ್ನೆಗೆ ತಡವಾಗಿ ಬರೆದ ಉತ್ತರ. ನಾನು ಮಂಡಿಸಬಯಸುವುದು ಇಷ್ಟೆ: ಯೇಸುವಿನ ಹೆಸರನ್ನು ಸೇರಿಸಿಕೊಂಡ ಮರುಗಾಯನಕ್ಕಿಂತ, ಆ ಹೆಸರಿಲ್ಲದ ಮೂಲಪದವೇ ಮನುಷ್ಯಾವತಾರದ ಕುರಿತು ಕ್ರೈಸ್ತನಿಗೆ ಹೆಚ್ಚು ಕಲಿಸಬಲ್ಲುದು. ನಮ್ಮ ಪ್ರಭುವಿನ ಹೆಸರು ಕೇಳಿಸಿತೆಂದು ಹಿಗ್ಗುವ ಮೊದಲು, ಆ ಹೆಸರಿಗೆ ಎಡೆಮಾಡಿಕೊಡಲು ಏನನ್ನು ಕೈಬಿಡಲಾಯಿತು ಎಂದು ಕೇಳುವ ಹೊಣೆ ನಮ್ಮ ಮೇಲಿದೆ.

1. ಪದ ಮತ್ತು ಅದರ ಊರು

ಪರಂಪರೆ ಈ ಪದವನ್ನು ವ್ಯಾಸರಾಯರದೆಂದು ಗುರುತಿಸುತ್ತದೆ. 1539ರಲ್ಲಿ ದೇಹತ್ಯಾಗ ಮಾಡಿ ಆನೆಗೊಂದಿಯ ಬಳಿಯ ನವಬೃಂದಾವನದಲ್ಲಿ ನೆಲೆಯಾದ ಈ ಯತಿ ವಿಜಯನಗರದಲ್ಲಿ ಕೃಷ್ಣದೇವರಾಯನಿಂದ ಗೌರವ ಪಡೆದವರು. ಪುರಂದರದಾಸರಿಗೂ ಕನಕದಾಸರಿಗೂ ಗುರುಗಳು. ಅವರಲ್ಲಿ ಎರಡು ಧ್ವನಿಗಳಿವೆ. ‘ನ್ಯಾಯಾಮೃತ’, ‘ತಾತ್ಪರ್ಯಚಂದ್ರಿಕಾ’, ‘ತರ್ಕತಾಂಡವ’ಗಳ ವ್ಯಾಸತೀರ್ಥರು ದ್ವೈತದರ್ಶನದ ಅತಿ ಹರಿತವಾದ ತಾರ್ಕಿಕರು. ಅದ್ವೈತದ ಪಕ್ಷದಿಂದ ಮಧುಸೂದನ ಸರಸ್ವತಿಯವರು ‘ಅದ್ವೈತಸಿದ್ಧಿ’ಯನ್ನು ರಚಿಸಿದ್ದು ‘ನ್ಯಾಯಾಮೃತ’ಕ್ಕೆ ಉತ್ತರವಾಗಿ. ಅದೇ ವ್ಯಕ್ತಿ ಕನ್ನಡಕ್ಕೆ ತಿರುಗಿದಾಗ ತಾಯಿಯ ಬಾಯಿಂದ ಮಗುವನ್ನು ಕರೆಯುತ್ತಾರೆ.

ಪದದ ರಚನೆ ಸರಳ. ಪಲ್ಲವಿಯಲ್ಲಿ ಕರೆ, ಅನುಪಲ್ಲವಿಯಲ್ಲಿ ಮುಖ ತೋರೆಂಬ ಬೇಡಿಕೆ, ಅನಂತರ ಕಾಲಿನಿಂದ ಮೇಲಕ್ಕೆ ಮಗುವಿನ ವರ್ಣನೆ. ಕಾಲ್ಗೆಜ್ಜೆ, ತೋಳಿನ ಬಾಪುರಿ, ಉಡಿಯ ಕಿರುಗೆಜ್ಜೆ, ಬೆರಳ ಉಂಗುರ, ಕೊರಳ ವೈಜಯಂತಿ ಮಾಲೆ, ಕಾಶಿಯ ಪೀತಾಂಬರ, ಕೈಯ ಕೊಳಲು, ಮೈಗೆ ಪೂಸಿದ ಗಂಧ. ಮಗುವಿಗೆ ಸ್ನಾನ ಮಾಡಿಸಿ ಸಿಂಗರಿಸುವ ತಾಯಿಯ ಕೈ ಯಾವ ಹಾದಿಯಲ್ಲಿ ಸಾಗುತ್ತದೆಯೋ ಪದದ ಕಣ್ಣೂ ಅದೇ ಹಾದಿಯಲ್ಲಿ ಸಾಗುತ್ತದೆ. ಯಮುನಾಕಲ್ಯಾಣಿ ರಾಗವೂ ಮಿಶ್ರಛಾಪು ತಾಳವೂ ಆ ನಡಿಗೆಗೆ ಹೊಂದಿಕೊಂಡಿವೆ. ಕೊನೆಯ ಚರಣದಲ್ಲಿ ಮಾತ್ರ ಪದ ಒಮ್ಮೆಲೇ ವಿಸ್ತಾರಗೊಳ್ಳುತ್ತದೆ: ಈ ಮಗು ತಾಯಿಗೆ ತನ್ನ ಬಾಯಲ್ಲಿ ಜಗತ್ತನ್ನೇ ತೋರಿದವನು, ಜಗತ್ತನ್ನು ಉದ್ಧರಿಸುವವನು. ಆದರೆ ಅಲ್ಲಿಯೂ ಪದ ಆಕಾಶದಲ್ಲಿ ನಿಲ್ಲುವುದಿಲ್ಲ. ಜಗದ ಒಡೆಯನನ್ನು ಮರಳಿ ಉಡುಪಿಗೆ ಕರೆತಂದು, ‘ನಮ್ಮ’ವನೆಂದು ಹೇಳಿ ಮುಗಿಸುತ್ತದೆ.

ಆ ಕೊನೆಯ ನುಡಿಯೇ ಅಂಕಿತ. ದಾಸರು ಪದಕ್ಕೆ ತಮ್ಮ ಹೆಸರನ್ನಿಡದೆ ತಾವು ನಂಬಿದ ದೈವದ ಹೆಸರನ್ನಿಟ್ಟರು. ಪುರಂದರವಿಠಲ, ಕಾಗಿನೆಲೆಯಾದಿಕೇಶವ, ವ್ಯಾಸರಾಯರ ಕೃಷ್ಣ ಇವೆಲ್ಲ ಬರಿಯ ಅಲಂಕಾರಗಳಲ್ಲ. ಪದ ಯಾರಿಂದ ಬಂತು, ಯಾರಿಗೆ ಸಲ್ಲುತ್ತದೆ ಎರಡನ್ನೂ ಒಮ್ಮೆಗೇ ಹೇಳುವ ಮುದ್ರೆಗಳು. ಉಡುಪಿಯ ಕೃಷ್ಣ ಯಾವುದೋ ಒಂದು ಕೃಷ್ಣನಲ್ಲ. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದರೆಂದು ಪರಂಪರೆ ಹೇಳುವ, ಕೈಯಲ್ಲಿ ಕಡೆಗೋಲು ಹಿಡಿದ, ಪಶ್ಚಿಮಕ್ಕೆ ಮುಖಮಾಡಿ ನಿಂತ ಬಾಲಕ.

ಪದವೊಂದು ತನ್ನ ಊರಿನಿಂದ ಹೊರಟು ಬೇರೆ ಕೊರಳಿಗೆ ಸೇರುವುದರಲ್ಲಿ ತಪ್ಪಿಲ್ಲ. ಚೆನ್ನೈಯ ದೇವದಾಸಿ ಮನೆತನದಲ್ಲಿ ಹುಟ್ಟಿದ ಟಿ. ಬಾಲಸರಸ್ವತಿ (1918–1984) ಈ ಪದಕ್ಕೆ ಮಾಡುತ್ತಿದ್ದ ಅಭಿನಯವನ್ನು ಸತ್ಯಜಿತ್ ರಾಯ್ 1976ರ ‘ಬಾಲಾ’ ಸಾಕ್ಷ್ಯಚಿತ್ರದಲ್ಲಿ ಕಡಲತೀರದಲ್ಲಿ ಚಿತ್ರಿಸಿದ್ದಾರೆ. ಕನ್ನಡ ಅವರ ಮನೆಮಾತಲ್ಲ. ಆದರೂ ಅವರ ಕೈಗಳು ಮಗುವಿನ ಒಂದೊಂದು ಅಂಗವನ್ನೂ ಬಿಡದೆ ಮುಟ್ಟುತ್ತವೆ. ಬಾಗಿ ಮಗುವಿನ ಬಾಯೊಳಗೆ ನೋಡಿ ಬೆಚ್ಚುವ ಕ್ಷಣದಲ್ಲಿ, ಪದದ ತತ್ತ್ವವೆಲ್ಲ ಒಬ್ಬ ತಾಯಿಯ ಮುಖದ ಮೇಲೆ ಬಂದು ನಿಲ್ಲುತ್ತದೆ. ಒಂದು ಹಾಡನ್ನು ಇನ್ನೊಬ್ಬರಿಂದ ಪಡೆಯುವುದು ಹೇಗೆಂಬುದಕ್ಕೆ ಇದು ಮಾದರಿ.

2. 1996ರ ಹಾಡು

ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಮುಂಬೈಯ ಕಲಾವಿದರು. ಅವರ ‘ಕಲೋನಿಯಲ್ ಕಸಿನ್ಸ್’ ಆಲ್ಬಂ 1996ರಲ್ಲಿ ಹೊರಬಂದಿತು. ಹಾಡು ಬಂದ ಕಾಲವನ್ನು ಮರೆತು ಅದನ್ನು ತೂಗುವುದು ಅನ್ಯಾಯ. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿತ್ತು. ಆ ಡಿಸೆಂಬರಿನಲ್ಲೂ ಮರುವರ್ಷದ ಜನವರಿಯಲ್ಲೂ ಮುಂಬೈಯ ಬೀದಿಗಳಲ್ಲಿ ರಕ್ತ ಹರಿದಿತ್ತು. 1993ರ ಮಾರ್ಚ್‌ನಲ್ಲಿ ಬಾಂಬುಗಳು ಸಿಡಿದಿದ್ದವು. ಹಾಡಿನ ಇಂಗ್ಲಿಷ್ ಭಾಗ ಸಹೋದರರು ಪರಸ್ಪರ ಕೊಲ್ಲುವುದನ್ನು, ಧರ್ಮದ ಹೆಸರಿನಲ್ಲಿ ಜಗತ್ತು ಒಡೆಯುವುದನ್ನು ನೋಡಿ ನೋಯುತ್ತದೆ. ದೇವರು ಯೇಸುವಾಗಿ ಮರಳಲಿ, ರಾಮನಾಗಿ ಮರಳಲಿ, ಅಲ್ಲಾಹನಾಗಿ ಮರಳಲಿ, ಕೊನೆಗೆ ಯಾರ ರೂಪದಲ್ಲಾದರೂ ಸರಿ ಎಂದು ಮೊರೆಯಿಡುತ್ತದೆ. ಇದನ್ನು ವ್ಯಾಪಾರದ ಜಾಣತನವೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಹರಿಹರನ್ ಅವರ ಕಂಠ ಪಲ್ಲವಿಯನ್ನು ಎತ್ತಿಕೊಳ್ಳುವ ರೀತಿಯಲ್ಲಿ ನಿಜವಾದ ಹಂಬಲವಿದೆ.

ಆದರೂ ವಿಮರ್ಶೆ ಕೇಳಲೇಬೇಕಾದ ಪ್ರಶ್ನೆಗಳಿವೆ. ಮೊದಲನೆಯದು, ಉಳಿದದ್ದೇನು? ಪಲ್ಲವಿಯ ಕರೆ ಉಳಿಯಿತು. ಚರಣಗಳ ಸ್ಥಾನದಲ್ಲಿ ಇಂಗ್ಲಿಷ್ ನುಡಿಗಳು ಬಂದವು. ಗೆಜ್ಜೆ, ಉಂಗುರ, ಕೊಳಲು ಹೋದವು, ತಾಯಿ ಹೋದಳು, ಉಡುಪಿ ಹೋಯಿತು, ಅದರೊಡನೆ ಅಂಕಿತವೂ ಹೋಯಿತು. ಮೂಲದಲ್ಲಿ ಕರೆಯುವವಳು ಕರೆಯುತ್ತಿರುವುದು ಅಂಗಳದಲ್ಲಿ ಆಡುತ್ತಿರುವ, ತಾನು ಬಲ್ಲ ಮಗುವನ್ನು. ಮರುಗಾಯನದಲ್ಲಿ ಕರೆಯುವುದು ಗಾಬರಿಗೊಂಡ ಲೋಕ. ಅದು ಕರೆಯುವುದು ಒಬ್ಬ ರಕ್ಷಕನನ್ನು, ಅವನು ಯಾರಾದರೂ ಆಗಬಹುದು.

ಎರಡನೆಯ ಪ್ರಶ್ನೆ ವ್ಯಾಕರಣದ್ದು. ‘ಇಂಥವನಾಗಿ ಮರಳಿ ಬಾ’ ಎಂಬ ಕ್ರಿಯೆ ಯಾವ ಧರ್ಮದ ಮಾತು? ಒಬ್ಬನೇ ದೇವರು ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ರೂಪ ತಾಳಿ ಬರುವನೆಂಬುದು ಅವತಾರದ ಪರಿಭಾಷೆ. ಕ್ರೈಸ್ತ ವಿಶ್ವಾಸದಲ್ಲಿ ಯೇಸು ದೇವರು ತಾಳಿದ ಹಲವು ರೂಪಗಳಲ್ಲಿ ಒಂದಲ್ಲ. ಅವರು ಒಮ್ಮೆಗೇ, ಎಲ್ಲ ಕಾಲಕ್ಕೂ ಮನುಷ್ಯರಾದವರು. ಇನ್ನು ಇಸ್ಲಾಮಿನ ಏಕದೇವ ವಿಶ್ವಾಸದಲ್ಲಿ ಅಲ್ಲಾಹನು ರೂಪ ತಾಳಿ ಬರುವುದೆಂಬ ಮಾತೇ ಸಲ್ಲದು. ಆ ಸಾಲು ನಿಷ್ಠಾವಂತ ಮುಸ್ಲಿಮನಿಗೆ ಆಹ್ವಾನವಾಗಿ ಕೇಳಿಸುವುದಿಲ್ಲ. ಹೀಗೆ, ಎಲ್ಲರನ್ನೂ ಸಮಾನವಾಗಿ ಕೂರಿಸಲು ಹೊರಟ ಹಾಡು ತನಗರಿಯದೆಯೇ ಒಂದು ಪರಂಪರೆಯ ಕ್ರಿಯಾಪದವನ್ನು ಎಲ್ಲರ ಮೇಲೂ ಹೊರಿಸಿತು.

ಆ ಒಂದು ಪರಂಪರೆಗಾದರೂ ನ್ಯಾಯ ಸಂದಿತೇ? ಅದೂ ಇಲ್ಲ. ಈಶ್ವರ, ಜೀವ, ಜಡಗಳ ನಡುವಿನ ಪಂಚಭೇದ ಮಧ್ವಮತದ ತಳಹದಿ. ಆ ಭೇದ ನಿಜವೇ ಹೊರತು ತೋರಿಕೆಯಲ್ಲವೆಂದು ಸಾಧಿಸಲು ವ್ಯಾಸತೀರ್ಥರು ತಮ್ಮ ಬುದ್ಧಿಯ ಸರ್ವಸ್ವವನ್ನೂ ವ್ಯಯಿಸಿದರು. ಭೇದದ ಆ ಮಹಾತಾರ್ಕಿಕನ ಪದವೇ ನಾಲ್ಕುನೂರೈವತ್ತು ವರ್ಷಗಳ ಅನಂತರ ‘ಹೆಸರು ಯಾವುದಾದರೇನು’ ಎಂಬ ಮಾತಿಗೆ ಪಲ್ಲವಿಯಾಯಿತು.

3. ಮೆಂಫಿಸ್ ನಗರದ ಒಂದು ನಿದರ್ಶನ

ಹಾಗಾದರೆ ಹಳೆಯ ಹಾಡಿನ ನುಡಿ ಬದಲಿಸುವುದೇ ತಪ್ಪೇ? ಅಲ್ಲವೆಂಬುದಕ್ಕೆ ಅಮೆರಿಕದ ಕಪ್ಪುಜನರ ಬ್ಲೂಸ್ ಸಂಗೀತದ ಒಂದು ಆರಂಭಕಾಲದ ಧ್ವನಿಮುದ್ರಿಕೆ ಸಾಕ್ಷಿ ಹೇಳುತ್ತದೆ. ಮಿಸಿಸಿಪಿಯ ಹರ್ನಾಂಡೊದಲ್ಲಿ ಹುಟ್ಟಿದ ರಾಬರ್ಟ್ ವಿಲ್ಕಿನ್ಸ್ (1896–1987) 1929ರಲ್ಲಿ ಮೆಂಫಿಸ್‌ನಲ್ಲಿ ಬ್ರನ್ಸ್‌ವಿಕ್ ಕಂಪನಿಗಾಗಿ ‘ದಟ್ಸ್ ನೋ ವೇ ಟು ಗೆಟ್ ಅಲಾಂಗ್’ ಎಂಬ ಹಾಡನ್ನು ಮುದ್ರಿಸಿದರು. ಹೆಂಗಸರಿಂದ ನೊಂದ ಮಗನೊಬ್ಬ ಮನೆಗೆ ಮರಳಿ ತಾಯಿಯೆದುರು ದುಃಖ ತೋಡಿಕೊಳ್ಳಬಯಸುವ ಹಾಡು ಅದು. 1930ರ ದಶಕದ ನಡುವಿನಲ್ಲಿ ವಿಲ್ಕಿನ್ಸ್ ಬ್ಲೂಸ್ ಹಾಡುವುದನ್ನು ತೊರೆದು ‘ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್’ ಸಭೆಯನ್ನು ಸೇರಿದರು, ಮುಂದೆ ಬೋಧಕರಾದರು. 1964ರಲ್ಲಿ ಸಂಗೀತಾಸಕ್ತರು ಅವರನ್ನು ಹುಡುಕಿ ಹೊರಟು ಕಂಡುಕೊಂಡಾಗ, ಅವರು ಹಳೆಯ ಮಟ್ಟನ್ನೇ ಉಳಿಸಿಕೊಂಡು ಅದಕ್ಕೆ ಲೂಕನ ಶುಭಸಂದೇಶದ ದುಂದುಗಾರ ಮಗನ ಸಾಮತಿಯನ್ನು ಹೊಂದಿಸಿ ‘ಪ್ರಾಡಿಗಲ್ ಸನ್’ ಎಂದು ಹಾಡಿದರು. ಹಾಡು ಸುಮಾರು ಹತ್ತು ನಿಮಿಷಗಳಷ್ಟು ಬೆಳೆದಿತ್ತು. ಇದು ತನ್ನದೇ ಹಾಡಿನ ಮರುಗಾಯನ. ನುಡಿಯೆಲ್ಲ ಬದಲಾಯಿತು; ಆದರೆ ಹಳೆಯ ಹಾಡಿನ ತಿರುಳಾದ ಮನೆಗೆ ಮರಳುವ ಮಗ ಅಳಿಯಲಿಲ್ಲ. ತಾಯಿಯ ಬಳಿಗೆ ಹೊರಟಿದ್ದವನು ತಂದೆಯ ಬಾಗಿಲಿಗೆ ಬಂದು ನಿಂತನು.

1968ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ‘ಬೆಗ್ಗರ್ಸ್ ಬ್ಯಾಂಕ್ವೆಟ್’ ಆಲ್ಬಮಿನಲ್ಲಿ ಈ ಹಾಡನ್ನು ಮೂರು ನಿಮಿಷದೊಳಗೆ ಹಾಡಿತು. ಹಾಡಿಕೆ ಕಳಪೆಯೇನಲ್ಲ, ಅದರಲ್ಲಿ ಮೂಲದ ಮೇಲಿನ ಪ್ರೀತಿ ಕಾಣುತ್ತದೆ. ಆದರೆ ಮೊದಲ ಮುದ್ರಣಗಳಲ್ಲಿ ಕರ್ತೃಗಳೆಂದು ನಮೂದಾದದ್ದು ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್. ವಿಲ್ಕಿನ್ಸರ ಹೆಸರು ಬಂದದ್ದು ಅನಂತರದ ತಿದ್ದುಪಡಿಯಿಂದ. ತಂದೆಯ ಆಸ್ತಿಯಲ್ಲಿ ಪಾಲು ಪಡೆದು ದೂರದೇಶಕ್ಕೆ ಹೋದ ಮಗನ ಕಥೆಯನ್ನು ಹಾಡಿದವರೇ, ಆ ಕಥೆ ತಮಗೆ ಯಾರಿಂದ ಬಂತೆಂದು ಹೇಳದೆ ಹೋದರು. ಸಾಮತಿಯಲ್ಲಿ ಮನೆಯ ಹೊರಗೆ ನಿಂತು ನ್ಯಾಯ ಕೇಳುವ ಹಿರಿಯ ಮಗನ ಸಿಟ್ಟಿಗೆ ಅವರ ಮೂರು ನಿಮಿಷಗಳಲ್ಲಿ ಜಾಗವೂ ಇಲ್ಲ; ಹಾಡು ಹಬ್ಬದೂಟದಲ್ಲೇ ಮುಗಿಯುತ್ತದೆ.

ಈ ನಿದರ್ಶನದಿಂದ ಎರಡು ಮಾನದಂಡಗಳು ದೊರೆಯುತ್ತವೆ. ಹೊಸ ನುಡಿ ಹಳೆಯ ಹಾಡಿನ ತಿರುಳಿಗೆ ಇನ್ನಷ್ಟು ಆಳವಾಗಿ ಇಳಿಯುತ್ತದೆಯೇ, ಇಲ್ಲವೇ ಅದನ್ನು ತೊಡೆದುಹಾಕುತ್ತದೆಯೇ? ಕೊಟ್ಟವರ ಹೆಸರು ಉಳಿಯುತ್ತದೆಯೇ? ವಿಲ್ಕಿನ್ಸ್ ಮೊದಲನೆಯದರಲ್ಲಿ ಗೆದ್ದರು. ರೋಲಿಂಗ್ ಸ್ಟೋನ್ಸ್ ಎರಡನೆಯದರಲ್ಲಿ ಸೋತರು. ನಮ್ಮ ದಾಸರ ಪದದಲ್ಲಾದರೋ ಕೊಟ್ಟವರ ಹೆಸರು ಪದದೊಳಗೇ ಇದೆ. ಆದ್ದರಿಂದ ಕೊನೆಯ ಚರಣವನ್ನು ಕೈಬಿಟ್ಟರೆ ಎರಡೂ ಸೋಲುಗಳು ಒಟ್ಟಿಗೇ ಬರುತ್ತವೆ.

4. ಬಟ್ಟೆ, ಗೋದಲಿ, ಗಾಯ

ಈಗ ದೈವಶಾಸ್ತ್ರದ ಪ್ರಶ್ನೆಗೆ ಬರೋಣ. ಕುರುಬರಿಗೆ ದೇವದೂತನು ಕೊಟ್ಟ ಗುರುತು ಯಾವುದು? ಲೋಕರಕ್ಷಕನೆಂಬ ಪದವಿಯನ್ನು ಸಾರಿದ ಮೇಲೂ ಗುರುತಾಗಿ ಕೊಟ್ಟದ್ದು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಒಂದು ಶಿಶುವನ್ನು (ಲೂಕ 2:12). ಸಂತ ಪೌಲನು ಹೇಳುವುದೂ ಸ್ತ್ರೀಯಲ್ಲಿ ಜನಿಸಿ ಧರ್ಮಶಾಸ್ತ್ರಕ್ಕೆ ಅಧೀನನಾಗಿ ಬಂದ ಪುತ್ರನನ್ನು ಕುರಿತು (ಗಲಾತ್ಯ 4:4). ಒಂದು ತಾಯಿ, ಒಂದು ಜನಾಂಗ, ಒಂದು ಊರು. ದೇವರು ಸರ್ವರಿಗೂ ಸಲ್ಲುವುದು ಸರ್ವಸಾಮಾನ್ಯನಾಗುವುದರಿಂದಲ್ಲ, ನಿರ್ದಿಷ್ಟನಾಗುವುದರಿಂದ. ಕ್ರೈಸ್ತ ವಿಶ್ವಾಸದ ಎಡವುಗಲ್ಲು ಇದೇ. ಅದರ ಅಡಿಗಲ್ಲೂ ಇದೇ.

ಕ್ರಿಸ್ತನು ಮರಳಿ ಬರಲೆಂದು ನಾವೂ ಪ್ರಾರ್ಥಿಸುತ್ತೇವೆ. ಆದಿ ಕ್ರೈಸ್ತರು ಅರಮಾಯಿಕ್ ಭಾಷೆಯಲ್ಲೇ ಉಳಿಸಿಕೊಂಡ ‘ಮಾರನಾಥ’ ಎಂಬ ಕರೆ (1 ಕೊರಿಂಥ 16:22) ‘ಬೇಗನೆ ಬಾರೋ’ ಎಂಬ ಕರೆಗೆ ದೂರದ್ದೇನಲ್ಲ. ಆದರೆ ಹಿಬ್ರಿಯರಿಗೆ ಬರೆದ ಪತ್ರದ ಪ್ರಕಾರ ಎರಡನೆಯ ಬಾರಿ ಕಾಣಿಸಿಕೊಳ್ಳುವವನು ಒಮ್ಮೆಗೇ ತನ್ನನ್ನು ಅರ್ಪಿಸಿಕೊಂಡವನೇ (9:28). ಪುನರುತ್ಥಾನಗೊಂಡವರನ್ನು ಶಿಷ್ಯರು ಗುರುತಿಸಿದ್ದು ಕೈಗಳ ಮತ್ತು ಪಕ್ಕೆಯ ಗಾಯಗಳಿಂದ. ಮಗ್ದಲದ ಮರಿಯಳು ಗುರುತಿಸಿದ್ದು ತನ್ನ ಹೆಸರನ್ನು ಅವರು ಕರೆದಾಗ. ಗಾಯಗಳನ್ನು ಕಳಚಿ ‘ಯಾರಾದರೂ’ ಆಗಿ ಬರುವ ಯೇಸುವನ್ನು ಶುಭಸಂದೇಶ ಅರಿಯದು. 1996ರ ಹಾಡಿನಲ್ಲಿ ಹೆಸರು ನಮ್ಮ ಪ್ರಭುವಿನದು. ಆದರೆ ಆ ಹೆಸರಿಗೆ ಬೆತ್ಲೆಹೇಮೂ ಇಲ್ಲ, ಶಿಲುಬೆಯೂ ಇಲ್ಲ. ಕೃಷ್ಣನ ಗೆಜ್ಜೆ ಕಳಚಿದ ಕೈಯೇ ಯೇಸುವಿನ ಗಾಯಗಳನ್ನೂ ಅಳಿಸಿತು.

ಇದಕ್ಕೆ ವ್ಯತಿರಿಕ್ತವಾಗಿ ವ್ಯಾಸರಾಯರ ಪದ ತನ್ನ ದೈವವನ್ನು ಅಂಗ ಅಂಗವಾಗಿ, ಊರಿನ ಹೆಸರು ಹಿಡಿದು ಪ್ರೀತಿಸುತ್ತದೆ. ಯಶೋದೆಯೂ ಮರಿಯಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಪದದ ಮಗು ಬಾಯ್ದೆರೆದು ತನ್ನ ವೈಭವವನ್ನು ತೋರುತ್ತದೆ. ನಮ್ಮ ಮಗು ಹಸಿದು ಅಳುತ್ತದೆ, ಮುಂದೆ ಶಿಲುಬೆಯ ಮೇಲೆ ಬಾಯಾರುತ್ತದೆ. ವ್ಯತ್ಯಾಸ ದೊಡ್ಡದು. ವ್ಯಾಸರಾಯರನ್ನು ಕಾರ್ಲ್ ರಾನರ್ ಅವರ ಮಾತಿನಲ್ಲಿ ‘ಅನಾಮಧೇಯ ಕ್ರೈಸ್ತ’ರನ್ನಾಗಿ ಮಾಡಲೂ ನನಗೆ ಇಷ್ಟವಿಲ್ಲ. ಅಂಕಿತವಿಟ್ಟು ಹಾಡಿದವರನ್ನು ಅನಾಮಧೇಯರೆಂದು ಕರೆಯುವುದು ಹೇಗೆ? ನಾನು ಹೇಳುವುದು ಇಷ್ಟೆ: ಭಕ್ತಿಯೆಂದರೆ ಯಾವುದೋ ಒಂದು ದಿವ್ಯತ್ವದ ಕಡೆಗಿನ ಹಂಬಲವಲ್ಲ, ಹೆಸರೂ ಮುಖವೂ ಉಳ್ಳ ಒಬ್ಬನ ಕಡೆಗಿನ ನೋಟ ಎಂಬ ಪಾಠವನ್ನು ಆ ಪದದಿಂದ ಕ್ರೈಸ್ತನು ಕಲಿಯಬಲ್ಲನು.

5. ನಮ್ಮ ಲೆಕ್ಕ

ಇತರರ ಮರುಗಾಯನವನ್ನು ತೂಗುವವನು ತನ್ನ ಲೆಕ್ಕವನ್ನೂ ಒಪ್ಪಿಸಬೇಕು. ಗುರುಮಠದ ವಿದ್ಯಾರ್ಥಿಯಾಗಿದ್ದಾಗ ನಾನು ಒಂದು ದೇವರನಾಮದ ಮಟ್ಟಿಗೆ ಪರಮಪ್ರಸಾದದ ಗೀತೆಯೊಂದನ್ನು ಬರೆದೆ. ಅದು ಒಂದು ಗಾನಪುಸ್ತಿಕೆಯಲ್ಲಿ ಅಚ್ಚಾಯಿತು. ಕೆಳಗೆ ಇದ್ದದ್ದು ನನ್ನ ಹೆಸರು ಮಾತ್ರ. ಮಟ್ಟು ಎಲ್ಲಿಂದ ಬಂತೆಂದು ನಾನು ತಿಳಿಸಲಿಲ್ಲ, ಯಾರೂ ಕೇಳಲೂ ಇಲ್ಲ. ನಾವು ಅದನ್ನು ಸಾಂಸ್ಕೃತೀಕರಣವೆಂದು ಕರೆದೆವು. ವಿಲ್ಕಿನ್ಸರ ಹೆಸರಿಲ್ಲದ ಮುದ್ರಿಕೆಯ ಕಥೆ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಪುಸ್ತಿಕೆಯ ಆ ಪುಟ.

ನಮ್ಮ ಹಿರಿಯರು ಇದಕ್ಕಿಂತ ಎಚ್ಚರದಿಂದಿದ್ದ ನಿದರ್ಶನಗಳಿವೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1848ರಿಂದ 1853ರವರೆಗೆ ಮಂಗಳೂರಿನಿಂದ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ದಾಸರ ಪದಗಳೂ ಅಚ್ಚಾದವು. ಮತಪ್ರಚಾರಕ್ಕೆಂದೇ ಬಂದ ವ್ಯಕ್ತಿ ಅವುಗಳನ್ನು ದಾಸರ ಪದಗಳಾಗಿಯೇ ಓದುಗರ ಮುಂದಿಟ್ಟರು. ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಜೀವನವನ್ನು ಈ ನೆಲದ ಛಂದಸ್ಸಿನಲ್ಲಿ ಬರೆದರು. ಒಬ್ಬರು ಇನ್ನೊಬ್ಬರ ಪದವನ್ನು ಅವರದಾಗಿಯೇ ಕಾಪಾಡಿದರು. ಇನ್ನೊಬ್ಬರು ನಾಡಿನ ಛಂದಸ್ಸನ್ನು ಕಲಿತು ತಮ್ಮ ಮಾತನ್ನು ತಾವೇ ಹೇಳಿದರು. ಇನ್ನೊಬ್ಬರ ಪ್ರಾರ್ಥನೆಯೊಳಗೆ ನಮ್ಮ ಪ್ರಭುವಿನ ಹೆಸರನ್ನು ಹೊಲಿಯುವ ಕೆಲಸವನ್ನು ಈ ಎರಡು ಕೃತಿಗಳೂ ಮಾಡಲಿಲ್ಲ. 1965ರ ‘ನೋಸ್ತ್ರಾ ಎತಾತೆ’ ಘೋಷಣೆ ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪಾವನತೆಯನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಹೇಳುವಾಗ, ಆ ಸಂಪತ್ತನ್ನು ಗುರುತಿಸಿ ಕಾಪಾಡಿರೆಂದು ಕೇಳುತ್ತದೆಯೇ ಹೊರತು ಕಲಸಿ ಒಂದು ಮಾಡಿರೆಂದಲ್ಲ. ಆ ಸಂಜೆ ನಾನು ಮಹಾಸಭೆಯ ಹೆಸರಿನಲ್ಲಿ ಹೇಳಿದ್ದು ಮಹಾಸಭೆಯ ಮಾತಾಗಿರಲಿಲ್ಲ.

ಆದ್ದರಿಂದ ಗುರುಮಠಗಳಲ್ಲಿ ಸಂಗೀತ ಕಲಿಸುವವರಿಗೂ ಧರ್ಮಕೇಂದ್ರಗಳ ಗಾಯನವೃಂದಗಳಿಗೂ ನನ್ನ ವಿನಂತಿ ಹೀಗಿದೆ. ಇತರ ಪರಂಪರೆಯ ಪದವನ್ನು ಸ್ನೇಹಕೂಟಗಳಲ್ಲಿ ಹಾಡುವುದಾದರೆ ಅಂಕಿತದವರೆಗೂ ಹಾಡೋಣ. ಸಾಧ್ಯವಾದರೆ ಆ ಪದವನ್ನು ಬಾಳಿದವರಿಂದಲೇ ಹಾಡಿಸೋಣ. ಮಟ್ಟನ್ನು ಎರವಲು ಪಡೆದರೆ ಅದನ್ನು ಬರೆದು ತಿಳಿಸೋಣ. ನಮ್ಮ ವಿಶ್ವಾಸವನ್ನು ಹಾಡುವಾಗ ನಮ್ಮ ಮಾತಿನಲ್ಲೇ, ಬೆತ್ಲೆಹೇಮನ್ನೂ ಶಿಲುಬೆಯನ್ನೂ ಮರೆಮಾಡದೆ ಹಾಡೋಣ. ಸಂವಾದಕ್ಕೆ ಇಬ್ಬರು ಬೇಕು. ಇಬ್ಬರ ಮಾತೂ ಒಂದೇ ಆದಲ್ಲಿ ಸಂವಾದಕ್ಕೆ ಕೆಲಸವಿಲ್ಲ.

ಮರುವರ್ಷದ ಸ್ನೇಹಕೂಟಕ್ಕೆ ನಾನು ಆ ತಾಯಿಯ ಮನೆಗೆ ಹೋಗಿ ಕರೆದೆ. ಮೊದಲು ಒಪ್ಪಲಿಲ್ಲ, ಕಂಠ ಹೋಗಿದೆ ಎಂದರು. ಕೊನೆಗೆ ಬಂದು, ಶ್ರುತಿಪೆಟ್ಟಿಗೆಯೊಂದನ್ನೇ ಇಟ್ಟುಕೊಂಡು ಕಾಲ್ಗೆಜ್ಜೆಯಿಂದ ಹಿಡಿದು ಉಡುಪಿಯವರೆಗೆ ಎಲ್ಲ ಚರಣಗಳನ್ನೂ ಹಾಡಿದರು. ನಡುವೆ ಒಮ್ಮೆ ನಿಂತು ನೀರು ಕುಡಿದರು. ಅನಂತರ ನಮ್ಮ ಯುವಜನರು ಗೋದಲಿಯ ಶಿಶುವನ್ನು ಕುರಿತ ಕನ್ನಡ ಗೀತೆಯೊಂದನ್ನು ಹಾಡಿದರು. ಎರಡು ಹಾಡುಗಳೂ ಬೇರೆಯಾಗಿಯೇ ಉಳಿದವು. ಹೊರಡುವಾಗ ಆ ತಾಯಿ ಗೋದಲಿಯ ಮುಂದೆ ನಿಂತು, ಮಗುವಿಗೆ ಹೊದಿಸಿದ್ದ ಬಟ್ಟೆ ತೆಳುವಾಯಿತೆಂದೂ ಡಿಸೆಂಬರಿನ ಚಳಿಗೆ ಸಾಲದೆಂದೂ ಹೇಳಿದರು. ಆ ಮಗುವನ್ನು ಅಷ್ಟು ಹತ್ತಿರದಿಂದ ನೋಡಿದವರು ಅಂದು ನಮ್ಮಲ್ಲಿ ಬೇರೆ ಯಾರೂ ಇರಲಿಲ್ಲ.